ಎಸರಿಲ್ಲದ ರೊಟ್ಟಿ ಉಂಡ ಅಜ್ಜಾರು

ಡೋಣಿ ಹೊಳೆಯ ಸೀಮೆಯ ಒಂದು ಮಠದಲ್ಲಿ ಪೂಜ್ಯ ಗದಿಗೆಯ್ಯ ಶಿವಯೋಗಿಗಳು ಇರುತ್ತಿದ್ದ ಕೋಣೆ ದಾಸೋಹದ ಮನೆಗೆ ಅಂಟಿಕೊಂಡೇ ಇತ್ತು. ಒಂದು ಕಂಬಳಿ, ಒಂದು ತಂಬಿಗೆ, ಹೊಗೆಗೆ ಕಪ್ಪಾದ ಗೋಡೆ, ಅಷ್ಟೇ. ಭಕ್ತರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಗೋಡೆಯಾಚೆ ಹೆಂಗಸರು ರೊಟ್ಟಿ ಬಡಿಯುತ್ತಿದ್ದರೆ ಈಚೆ ಪೂಜ್ಯರ ಜಪ ಸಾಗುತ್ತಿತ್ತು.

ಒಮ್ಮೆ ಅಡುಗೆಮನೆಯ ದಾನವ್ವ ದರ್ಶನಕ್ಕೆ ಬಂದಾಗ ಕೈಮುಗಿಯಲು ಅವಳ ಬಲಗೈ ಮೇಲೇಳಲಿಲ್ಲ. ರೊಟ್ಟಿ ಬಡಿದು ಬಡಿದು ಭುಜ ಹಿಡಿದಿತ್ತು. ಪೂಜ್ಯರು ಅದನ್ನು ಕಂಡರು. ಸ್ವಲ್ಪ ದಿನಕ್ಕೇ ಮಠಕ್ಕೆ ರೊಟ್ಟಿ ಮಾಡುವ ಮಷಿನ್ ತರಿಸಿದರು.

ಅಲ್ಲಿ ಸಂಬಳಕ್ಕಿದ್ದ ಹೆಂಗಸರಿಗೆಲ್ಲ ಹಿರಿಯಳು ಸಾತವ್ವ. ಗಂಡ ತೀರಿದ ಮೇಲೆ ಅವಳಿಗೆ ಮಠವೇ ಮನೆ. ಮಷಿನ್ ಕಂಡು, ಇನ್ನು ತನ್ನನ್ನು ಕಳಿಸಿಬಿಡುತ್ತಾರೆಂದು ಹೆದರಿದಳು.

“ರೊಟ್ಟಿ ಇದಾ ಮಾಡಿದ್ರ ನಾವೇನ್ ಮಾಡೂಣವಾ? ಇದರ ಮುಂದ ಕುಂತು ಭಜನಿ ಹಾಡೂಣೇನು?” ಎಂದಳು. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ.

ಜೋಳದ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಹಾಕಿ ನಾದಿದರೆ ಮಾತ್ರ ರೊಟ್ಟಿ ಕೂಡಿಕೊಳ್ಳುತ್ತದೆ. ಇದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮಷಿನ್ ಮೊದಲು ನಡೆಸಿದ ದಿನ ಹಿಟ್ಟು ನಾದಿದವಳು ಸಾತವ್ವ. ಒಲೆಯ ಮೇಲೆ ಎಸರು ಕುದಿಯುತ್ತಲೇ ಇತ್ತು. ಅವಳು ಬೇಕೆಂದೇ ಬಿಂದಿಗೆಯ ತಣ್ಣೀರು ಸುರಿದಳು. ಮಷಿನ್ನಿನಿಂದ ಬಂದ ರೊಟ್ಟಿಯೆಲ್ಲ ಅಂಚು ಹರಿದು, ನಡುವೆ ಸೀಳಿ ಬಂತು.

ಪಂಕ್ತಿಯಲ್ಲಿ ಕೂತ ಶಾಲೆಯ ಹುಡುಗರು “ಹಪ್ಪಳ ಬಂತೋ!” ಎಂದು ಕೂಗಿದರು. ಬಡಿಸುವವರು ರೊಟ್ಟಿಯ ಬದಲು ಎಲ್ಲರಿಗೂ ಅನ್ನ ತಂದರು. ಪೂಜ್ಯರು ಮಾತ್ರ ಅನ್ನಕ್ಕೆ ಕೈ ಅಡ್ಡ ಹಿಡಿದು, “ನನಗ ಮಷಿನ್ನಿನ ರೊಟ್ಟಿನಾ ಹಾಕ್ರಿ” ಎಂದರು.

ಮರುದಿನವೂ ಅದೇ ರೊಟ್ಟಿ, ಅದೇ ಮಾತು. ಅದರ ಮರುದಿನವೂ.

ಸಾತವ್ವ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಪೂಜ್ಯರಿಗೆ ಹಲ್ಲು ಕಡಿಮೆ. ಚೂರುಗಳನ್ನು ಒಂದೊಂದಾಗಿ ಮಜ್ಜಿಗೆಯಲ್ಲಿ ನೆನೆಸಿ, ಮೆತ್ತಗಾಗುವವರೆಗೂ ಕಾಯ್ದು ಉಣ್ಣುತ್ತಿದ್ದರು. ಮುಖದಲ್ಲಿ ಬೇಸರವಿಲ್ಲ, ಆದರೆ ಬಿಡುವ ಲಕ್ಷಣವೂ ಇಲ್ಲ.

ಮ್ಯಾನೇಜರ್ ಸಿದ್ರಾಮಪ್ಪನವರಿಗೆ ತಡೆಯಲಾಗಲಿಲ್ಲ. “ಈ ಮುದುಕಿದಾ ಏನೋ ಕಿತಾಪತಿ ಐತ್ರಿ ಅಜ್ಜಾರ. ಮಷಿನ್ನರ ವಾಪಸ್ ಕಳಸ್ರಿ, ಇಲ್ಲಾ ಇಕಿನ್ನರ ಕಳಸ್ರಿ.”

ತಾನು ಹೆದರಿದ್ದ ಮಾತು ಕೊನೆಗೂ ಬಂತೆಂದು ಸಾತವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಪೂಜ್ಯರು ತಾಟಿನಿಂದ ತಲೆಯೆತ್ತದೆ ಹೇಳಿದರು: “ಮಷಿನ್ನೂ ಹೋಗೂದಿಲ್ಲ. ಸಾತವ್ವನೂ ಹೋಗೂದಿಲ್ಲ.”

ಸಾತವ್ವ ಬಂದು ಅವರ ಮುಂದೆ ಕೂತಳು. “ಎಸರು ಹಾಕಿದ್ದಿಲ್ರಿ, ಅಜ್ಜಾರ.”

“ಗೊತ್ತೈತಿ, ತಂಗಿ. ಇದ್ದ ನಾಕು ಹಲ್ಲು ಮೊದಲನೇ ದಿನಾನಾ ಹೇಳ್ಯಾವ,” ಎಂದು ಪೂಜ್ಯರು ನಕ್ಕರು. ಆಮೇಲೆ ಮೆಲ್ಲಗೆ, “ಬಡಿಯೂದು ಅದಕ್ಕ ಬಿಡು. ಹದ ನೋಡೂದು ನಿನ್ನ ಕಡೆನಾ ಇರ್ಲಿ,” ಎಂದರು.

ಮರುದಿನ ಬೆಳಿಗ್ಗೆ ಸಾತವ್ವ ತಾನೇ ಎಸರಿಟ್ಟು ಹಿಟ್ಟು ನಾದಿದಳು. ಹಿಟ್ಟಿನ ಮುದ್ದೆ ಹೊತ್ತು ಮಷಿನ್ ಹತ್ತಿರ ಹೋಗಿ, “ಇದನ್ನ ಚಾಲೂ ಮಾಡೂದು ಹ್ಯಾಂಗ? ನನಗ ಕಲಸ್ರಿ,” ಎಂದಳು. ತೋರಿಸಿದ ಗುಂಡಿಯನ್ನು ತಾನೇ ಒತ್ತಿದಳು. ಮೊದಲ ರೊಟ್ಟಿಯ ಅಂಚು ಹರಿಯಿತು. ಹಿಟ್ಟಿಗೆ ಇನ್ನಷ್ಟು ಎಸರು ಚಿಮುಕಿಸಿದಳು. ಎರಡನೆಯದೂ ಸರಿಬರಲಿಲ್ಲ. ಬಿಡಲಿಲ್ಲ. ಕೊನೆಗೊಂದು ರೊಟ್ಟಿ ಎಲ್ಲೂ ಹರಿಯದೆ, ದುಂಡಗೆ ಹೊರಬಂತು.

ಸಿದ್ರಾಮಪ್ಪನವರು ಕೋಣೆಗೆ ಓಡಿಹೋಗಿ, “ಬಂದು ಒಮ್ಮೆ ನೋಡ್ರಿ, ಅಜ್ಜಾರ!” ಎಂದರು.

ಪೂಜ್ಯರು ಜಪಮಾಲೆ ಕೆಳಗಿಡಲಿಲ್ಲ. “ಸಾತವ್ವ ನಿಂತಾಳಲ್ಲ. ಮತ್ತ ನಾ ಏನ್ ನೋಡೂದೈತಿ?”

ಗೋಡೆಯಾಚೆ ಆ ಮಾತು ಅವಳ ಕಿವಿಗೆ ಬಿತ್ತು. ಸಾತವ್ವ ಕಣ್ಣೊರೆಸಿಕೊಂಡಳು, ಸೆರಗು ಸೊಂಟಕ್ಕೆ ಬಿಗಿದಳು. ದೂರ ನಿಂತೇ ನೋಡುತ್ತಿದ್ದ ಹೆಂಗಸರ ಕಡೆ ತಿರುಗಿ, “ಏನ್ ನೋಡ್ತೀರೇ? ಹತ್ರ ಬರ್ರಿ, ಹೇಳಿಕೊಡ್ತೀನಿ,” ಎಂದಳು.