ಎಡಕ್ಕೊಬ್ಬರು, ಬಲಕ್ಕೊಬ್ಬರು

"ಬುದ್ಧಿ, ನನ್ನ ರಕ್ತವನ್ನೇ ತೆಗೆದು ನನ್ನ ನೆತ್ತಿಗೆ ಚುಚ್ಚುವವರನ್ನು ನಂಬಲೋ, ಎಲ್ಲಿಂದಲೋ ತರಿಸಿದ ಸೀಸೆಯ ಔಷಧಿ ಚುಚ್ಚುವವರನ್ನು ನಂಬಲೋ?"

ಕೇಳಿದವನು ಪಂಚಾಕ್ಷರಿ. ಮಠದ ಶಾಲೆಯಲ್ಲಿ ಓದಿ ಅಲ್ಲಿಯೇ ಮೇಷ್ಟರಾಗಿದ್ದ ಶಿಷ್ಯ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ, ನೆತ್ತಿ ಆಗಲೇ ಬಯಲಾಗಿತ್ತು. ಅವನಿಗೊಂದು ಸಂಬಂಧ ಕುದುರಿತ್ತು. ಜಾತಕ ಕೂಡಿ, ಫೋಟೋ ಒಪ್ಪಿಗೆಯಾಗಿ, ಹಿರಿಯರ ಮಾತು ಮುಗಿದು, ಹೆಣ್ಣು ನೋಡುವ ಶಾಸ್ತ್ರವೊಂದು ಬಾಕಿಯಿತ್ತು. ಅಷ್ಟರೊಳಗೆ ಕೂದಲು ಬಾರದಿದ್ದರೆ ಈ ಸಂಬಂಧ ಉಳಿಯುವುದಿಲ್ಲ ಎಂದ. ಒಬ್ಬ ಡಾಕ್ಟರು ರಕ್ತದ ಪಿಆರ್‌ಪಿ ಮಾಡಿಸು ಎಂದರಂತೆ, ಇನ್ನೊಬ್ಬರು ಸೀಸೆಯ ಎಕ್ಸೋಸೋಮ್ ಹಾಕಿಸಿಕೋ ಎಂದರಂತೆ. ತನಗೆ ಇಬ್ಬರ ಮೇಲೂ ಅನುಮಾನ ಎಂದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. ಅನುಮಾನ ಒಳ್ಳೆಯದೇ ಕಣಯ್ಯ, ಆದರೆ ಅನುಮಾನದಲ್ಲಿ ನಿನಗೂ ಅಪ್ಪನಾದ ಒಬ್ಬ ವ್ಯಾಪಾರಿ ಇದ್ದ, ಅವನ ಕತೆ ಕೇಳು ಎಂದು ಶುರುಮಾಡಿದರು.

ಅವನು ಕಾಳಿನ ಮಂಡಿಯವನು. ತನ್ನ ನೆರಳನ್ನೂ ನಂಬದ ಆಸಾಮಿ. ಯಾರಾದರೂ ಚೀಲದ ಬಾಯಿ ಬಿಚ್ಚಿ ಕಾಳು ತೋರಿಸಿದರೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಯಲ್ಲಿ ಎಲ್ಲರೂ ಒಳ್ಳೆಯದನ್ನೇ ಇಡುತ್ತಾರೆ ಎನ್ನುತ್ತಿದ್ದ. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೂ ಬುಡಕ್ಕೂ ಚುಚ್ಚಿ, ಅದರಲ್ಲಿ ಇಳಿದುಬಂದ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದ. ಹುಳು ಕಂಡಿತೋ, ಚೀಲ ತಂದವನ ಕತೆ ಮುಗಿಯಿತು. ಇಬ್ಬರ ಮಾಲಿನ ಮೇಲೂ ಅನುಮಾನ ಬಂದರೆ ಇಬ್ಬರಿಂದಲೂ ಅರ್ಧರ್ಧ ಕೊಂಡು, ಬೇರೆ ಬೇರೆ ಇಟ್ಟು, ಯಾವುದು ಕೆಡುತ್ತದೆ ಎಂದು ಕಾಯುತ್ತಿದ್ದ. ಮಂಡಿಯಲ್ಲಿ ಅವನನ್ನು ಜಾಣ ಎನ್ನುತ್ತಿದ್ದರು. ಜಾಣನೇ ಹೌದು.

ಇಂಥವನ ಕೂದಲು ಉದುರತೊಡಗಿತು. ಮೊದಲು ಬಾಚಣಿಗೆಯ ಮೇಲೆ ಅನುಮಾನಪಟ್ಟ. ಆಮೇಲೆ ಸೀಗೆಪುಡಿ ಮಾರಿದವನ ಮೇಲೆ, ಆಮೇಲೆ ಬೋರ್‌ವೆಲ್ ನೀರಿನ ಮೇಲೆ. ಅದೇ ಹೊತ್ತಿಗೆ ಪಕ್ಕದ ಊರಿನ ಮಂಡಿಯವರ ಮಗಳೊಂದಿಗೆ ಅವನ ಮದುವೆಯ ಮಾತು ನಡೆಯಿತು. ವ್ಯಾಪಾರಿಯ ಕಡೆಯಿಂದ ಹೋದ ಫೋಟೋ ಅವನಿಗೆ ತಲೆ ತುಂಬ ಕೂದಲಿದ್ದ ಕಾಲದ್ದು. ಹುಡುಗಿ ನೋಡಿ ಒಪ್ಪಿದಳು. ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ದಿನದಲ್ಲಿ ಅವನು ಯಾರನ್ನೂ ಅನುಮಾನಿಸದೆ ಇರುತ್ತಿದ್ದುದು ಅದೊಂದೇ ಹೊತ್ತು. ಅವಳೆಂದರೆ ಅವನಿಗೆ ಜೀವ.

ಡಾಕ್ಟರರ ಬಳಿ ಓಡಿದ. ಒಬ್ಬರು, ನಿನ್ನ ತೋಳಿನ ರಕ್ತವನ್ನೇ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ನೆತ್ತಿಗೆ ಚುಚ್ಚುತ್ತೇನೆ ಎಂದರು. ಇನ್ನೊಬ್ಬರು, ಅದು ಹಳೆಯ ಕಾಲದ್ದು, ಜೀವಕೋಶಗಳಿಂದ ತೆಗೆದ ಸತ್ವ ಸೀಸೆಯಲ್ಲೇ ಬರುತ್ತದೆ, ಅದನ್ನು ಚುಚ್ಚುತ್ತೇನೆ ಎಂದರು. ವ್ಯಾಪಾರಿ ಬಿಡುತ್ತಾನೆಯೇ? ಇವರ ಬಗ್ಗೆ ಅವರನ್ನು, ಅವರ ಬಗ್ಗೆ ಇವರನ್ನು ಕೇಳಿದ. ಆ ಸೀಸೆಯಲ್ಲಿರುವುದು ಯಾರ ಮೈಯದೋ ಅವರಿಗಾದರೂ ಗೊತ್ತೇ ಎಂದರು ಮೊದಲಿನವರು. ನಿನ್ನ ರಕ್ತಕ್ಕೆ ಅಷ್ಟು ಶಕ್ತಿಯಿದ್ದರೆ ಕೂದಲು ಉದುರುತ್ತಿತ್ತೇ ಎಂದರು ಎರಡನೆಯವರು. ಇಬ್ಬರ ಮಾತೂ ಅವನಿಗೆ ಸರಿ ಎನಿಸಿತು. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಮಂಡಿಯ ಪದ್ಧತಿಯನ್ನೇ ಹಿಡಿದ. ತಲೆಯ ಎಡಭಾಗವನ್ನು ಒಬ್ಬರಿಗೆ ಕೊಟ್ಟ, ಬಲಭಾಗವನ್ನು ಇನ್ನೊಬ್ಬರಿಗೆ. ನಗಬೇಡ. ಬಲಗಡೆ ಹಳೆಯ ಪೆಟ್ಟಿದೆ, ಮುಟ್ಟಬೇಡಿ ಎಂದು ಎಡದ ಡಾಕ್ಟರಿಗೆ ಹೇಳಿದ. ಎಡಗಡೆ ಪೆಟ್ಟಿದೆ ಎಂದು ಬಲದವರಿಗೆ. ದಿನವೂ ಕನ್ನಡಿ ಹಿಡಿದು ಎಡಕ್ಕೂ ಬಲಕ್ಕೂ ತಾಳೆ ನೋಡಿದ. ಎರಡೂ ಕಡೆ ನವಿರು ಕೂದಲು ಬಂದಂತೆಯೂ ಇತ್ತು, ಬಾರದಂತೆಯೂ ಇತ್ತು. ಬೆಳಗಿನ ಬಿಸಿಲಲ್ಲಿ ಒಂದು ಗೆದ್ದರೆ ಸಂಜೆಯ ದೀಪದಲ್ಲಿ ಇನ್ನೊಂದು ಗೆಲ್ಲುತ್ತಿತ್ತು.

ಹೆಣ್ಣಿನ ಕಡೆಯವರು ಎಂದು ಬರುತ್ತೀರಿ ಎಂದು ಕೇಳುತ್ತಲೇ ಇದ್ದರು. ಒಮ್ಮೆ ತೊಗರಿ ಸುಗ್ಗಿ ಎಂದ, ಒಮ್ಮೆ ಆಷಾಢ ಎಂದ, ಒಮ್ಮೆ ಸೋದರಮಾವನಿಗೆ ಹುಷಾರಿಲ್ಲ ಎಂದ. ಈಗ ಹುಡುಗಿಗೆ ಅನುಮಾನ ಹುಟ್ಟಿತು. ಇಷ್ಟು ಚೆನ್ನಾಗಿ ಮಾತಾಡುವವನು ಮುಖ ತೋರಿಸಲು ಯಾಕೆ ಹಿಂದೆಗೆಯುತ್ತಾನೆ? ಬೇರೆ ಯಾರಾದರೂ ಇದ್ದಾರೆಯೇ? ರೋಗವೇ? ಅತ್ತು ಅತ್ತು ಸಾಕಾಗಿ, ಒಂದು ದಿನ ಅಪ್ಪನನ್ನು ಕರೆದುಕೊಂಡು ಹೇಳದೆ ಕೇಳದೆ ಅವನ ಮಂಡಿಗೆ ಬಂದಳು.

ವ್ಯಾಪಾರಿ ಬರಿದಲೆಯಲ್ಲಿ ಕೂತು ಕನ್ನಡಿ ನೋಡುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ. ಇನ್ನು ಸ್ವಲ್ಪ ದಿನ ತಾಳಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ತೊದಲಿದ.

ಹುಡುಗಿ ಅವನ ತಲೆಯನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು.

"ಕೂದಲಿಲ್ಲ ಅಂತ ಮೊದಲ ದಿನವೇ ಹೇಳಿದ್ದರೆ ನಕ್ಕು ಒಪ್ಪುತ್ತಿದ್ದೆ. ಚೀಲದ ಬಾಯಲ್ಲಿ ಬೇರೆ ಕಾಳು ಇಡುವವರ ಹತ್ತಿರ ನಮ್ಮ ಮನೆಯವರು ಅವರೆಕಾಳೂ ಕೊಳ್ಳೋದಿಲ್ಲ, ನಾನು ಹೇಗೆ ಬಾಳಲಿ?"

ಅಪ್ಪ, ಮಗಳು ಬಂದ ದಾರಿಯಲ್ಲೇ ಹೋದರು. ಅವನು ಅದೆಷ್ಟು ಬಾರಿ ಫೋನು ಮಾಡಿದರೂ ಅವಳು ಎತ್ತಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇರಬಹುದೆಂದು ಪಂಚಾಕ್ಷರಿ ಕಾದ. ಆಮೇಲೆ ಮೆಲ್ಲಗೆ, ಆ ವ್ಯಾಪಾರಿಗೆ ಕೂದಲು ಬಂದದ್ದು ಯಾವ ಕಡೆ ಬುದ್ಧಿ, ಎಡಕ್ಕೋ ಬಲಕ್ಕೋ ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಅದಿರಲಿ, ನೀನು ಆ ಹೆಣ್ಣುಮಗಳಿಗೆ ಕಳಿಸಿರುವ ಫೋಟೋ ಯಾವ ಕಾಲದ್ದು?"