ಸುಣ್ಣದ ಹೊಟ್ಟೆಗೆ ಕಾವು ಹೊಕ್ಕಿದ್ದು

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಎಲ್ಲಿ ಕೂರಬೇಕೆಂದು ತಿಳಿಯದೆ ಬೆಟ್ಟಗಳು ಅತ್ತಿತ್ತ ಸರಿದಾಡುತ್ತಿದ್ದವು. ಆ ಕಾಲದಲ್ಲಿ ಇಡೀ ಲೋಕಕ್ಕೆ ಇದ್ದವನು ಒಬ್ಬನೇ ಬೆಂಕಿಯಣ್ಣ.

ಲೋಕದ ಕಾವನ್ನೆಲ್ಲ ಅವನೇ ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದ. ಒಂದು ಮನೆಯಲ್ಲಿ ಅನ್ನ ಬೇಯಿಸಬೇಕು, ಇನ್ನೊಂದು ಮನೆಯಲ್ಲಿ ಬಾಣಂತಿಗೆ ನೀರು ಕಾಯಿಸಬೇಕು, ಮತ್ತೆಲ್ಲೋ ಮಡಕೆ ಸುಡಬೇಕು. "ಬೆಂಕಿಯಣ್ಣಾ, ಬಾ" ಎಂದು ಯಾರು ಕೂಗಿದರೂ ಹೋಗಬೇಕು. ನಡೆದ, ನಡೆದ, ನಡೆದ. ಕಾಲು ಸೋತವು. ಬೆನ್ನು ಬಾಗಿತು. ಹೊರೆ ಇಳಿಸೋಣ ಎಂದರೆ ಇಳಿಸುವುದು ಎಲ್ಲಿ?

ಮರವನ್ನು ಕೇಳಿದ. "ಅಯ್ಯೋ, ನೀನು ಹೊರೆ ಇಟ್ಟ ಗಳಿಗೆಯಲ್ಲೇ ನಾನು ಬೂದಿ" ಎಂದಿತು ಮರ.

ಹೊಳೆಯನ್ನು ಕೇಳಿದ. "ಕಾವು ನನ್ನಲ್ಲಿ ನಿಲ್ಲುವುದಿಲ್ಲ ಅಣ್ಣಾ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಆರಿಹೋಗುತ್ತದೆ" ಎಂದಿತು ಹೊಳೆ.

ಗಾಳಿಯನ್ನು ಕೇಳಹೋದ. ಗಾಳಿ ಬಂದು ಉರಿಯನ್ನು ಇನ್ನಷ್ಟು ಹೆಚ್ಚಿಸಿ ಓಡಿಹೋಯಿತು.

ನಡೆದು ನಡೆದು ಹೊಳೆ ಸಮುದ್ರ ಸೇರುವ ಕಡೆಗೆ ಬಂದ. ಅಲ್ಲೊಂದು ಬಂಡೆ. ಬಂಡೆಯ ಅಡಿಯ ಒಣ ಜಾಗದಲ್ಲಿ ಚಿಪ್ಪುಗಳ ರಾಶಿ. ಒಳಗಿದ್ದ ಜೀವಗಳೆಲ್ಲ ಎಂದೋ ಹೋಗಿದ್ದವು.

"ನಮ್ಮಲ್ಲಿ ಇಡು. ನಮಗೇನು ಕೆಲಸ?" ಎಂದಿತು ಒಂದು ಹಳೆಯ ಚಿಪ್ಪು.

"ಸುಟ್ಟುಹೋಗುತ್ತೀರಿ."

"ಹೊಟ್ಟೆಯೊಳಗಿನ ಉಸಿರನ್ನು ಹೊರಗೆ ಬಿಡುತ್ತೇವೆ. ಆ ಜಾಗದಲ್ಲಿ ನಿನ್ನ ಕಾವು ಕೂರಲಿ."

ಬೆಂಕಿಯಣ್ಣ ಹೊರೆ ಬಿಚ್ಚಿದ. ಚಿಪ್ಪುಗಳು ಉಸಿರು ಬಿಟ್ಟವು, ಕಾವು ನುಂಗಿದವು. ಬಿಟ್ಟವು, ನುಂಗಿದವು. ಎಷ್ಟು ಕೊಟ್ಟರೂ ಸಾಲದು. ಕೊನೆಗೆ ಹೊರೆ ಮುಗಿಯಿತು. ಚಿಪ್ಪುಗಳು ಬೆಳ್ಳಗೆ, ಹಗುರಾಗಿ ಬಿದ್ದಿದ್ದವು. ಸ್ವಲ್ಪ ಹೊತ್ತಿಗೆ ಮುಟ್ಟಿದರೆ ತಣ್ಣಗೇ ಇದ್ದವು.

"ನಾನು ಏಳುವವರೆಗೆ ಯಾರಿಗೂ ಕೊಡಬೇಡಿ" ಎಂದ ಬೆಂಕಿಯಣ್ಣ.

"ಕೊಡುವುದಿಲ್ಲ" ಎಂದವು ಚಿಪ್ಪುಗಳು.

ಅವನು ಅಲ್ಲೇ ಉರುಳಿ ನಿದ್ದೆಹೋದ. ಹುಟ್ಟಿದ ಮೇಲೆ ಅವನು ಮಾಡಿದ ಮೊದಲ ನಿದ್ದೆ ಅದು.

ಊರೂರಲ್ಲಿ ಒಲೆಗಳು ಆರಿದವು. ಮೇಲಿಂದ ಬಿಡದ ಜಡಿಮಳೆ. ಹೊಳೆದಂಡೆಯ ಗುಡಿಸಲಲ್ಲಿ ದೇಮಕ್ಕ ಎಂಬ ಬಾಣಂತಿ ಇದ್ದಳು. ಅವಳ ಕೂಸಿಗೆ ಹತ್ತು ದಿನ. ಗಂಡ ಒಂದು ಕಿಡಿ ಸಿಕ್ಕೀತೇ ಎಂದು ದೋಣಿ ಹತ್ತಿ ಆಚೆ ದಡಕ್ಕೆ ಹೋದವನು ಬಂದಿರಲಿಲ್ಲ. ಕೂಸಿನ ಪಾದ ನೀಲಿಯಾಯಿತು. ಅಳುವುದನ್ನೂ ನಿಲ್ಲಿಸಿತು.

ದೇಮಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿ, ದಾರಿಗಿರಲಿ ಎಂದು ನೀರಿನ ಗಡಿಗೆ ಸೊಂಟಕ್ಕಿಟ್ಟು, ಬೆಂಕಿಯಣ್ಣನನ್ನು ಹುಡುಕುತ್ತಾ ಮಧ್ಯಾಹ್ನದ ಹೊತ್ತಿಗೆ ಆ ಬಂಡೆಯ ಬಳಿ ಬಂದಳು.

ಬೆಂಕಿಯಣ್ಣ ಮಲಗಿದ್ದ. ಬಾಯಿ ತೆರೆದಿತ್ತು. ಪಾದದ ತುಂಬ ಬಿರುಕು.

"ಎಬ್ಬಿಸು ತಂಗಿ, ನಿನ್ನ ಕಷ್ಟ ದೊಡ್ಡದು" ಎಂದಿತು ಹಳೆಯ ಚಿಪ್ಪು.

ದೇಮಕ್ಕ ಕೈ ಚಾಚಿದಳು. ಹಿಂದೆ ತೆಗೆದಳು. ಅವನ ಪಕ್ಕದಲ್ಲೇ ಕೂತಳು.

"ಹತ್ತು ದಿನದಿಂದ ನಾನು ಕಣ್ಣು ಮುಚ್ಚಿಲ್ಲ ಅಕ್ಕಾ. ನಿದ್ದೆ ಅಂದರೆ ಏನು ಅಂತ ನನಗೆ ಗೊತ್ತು. ಹೇಗೆ ಎಬ್ಬಿಸಲಿ? ಕೂಸನ್ನು ನೋಡಿದರೆ ಹೇಗೆ ಬಿಡಲಿ?"

ಚಿಪ್ಪುಗಳು ಇಕ್ಕಟ್ಟಿಗೆ ಸಿಕ್ಕವು. ಕೊಟ್ಟ ಮಾತು ಒಂದು ಕಡೆ, ಕೂಸು ಒಂದು ಕಡೆ. ಕೊನೆಗೆ ಹಳೆಯ ಚಿಪ್ಪು ಹೇಳಿತು: "ಗಡಿಗೆಯ ನೀರು ಅರ್ಧ ಚೆಲ್ಲು. ನಮ್ಮಲ್ಲಿ ಕೆಲವರನ್ನು ಅದರೊಳಗೆ ಹಾಕು. ನೀರು ಒಳಗೆ ಬಂದರೆ ಕಾವು ಹೊರಗೆ ಹೋಗಲೇಬೇಕು. ಹಾಕಿದ ಕೂಡಲೇ ದೂರ ಸರಿ. ಮೊದಲ ಸಿಟ್ಟು ಇಳಿಯಲಿ."

ದೇಮಕ್ಕ ಹಾಗೇ ಮಾಡಿದಳು. ಚಿಪ್ಪುಗಳು ನೀರು ಕುಡಿದವು. ಚಟಚಟ ಬಿರಿದವು. ಬುಸ್ಸೆಂದು ಹಬೆ ಎದ್ದಿತು. ಒಲೆಯಿಲ್ಲ, ಕಟ್ಟಿಗೆಯಿಲ್ಲ, ಗಡಿಗೆ ಕೊತಕೊತ ಕುದಿಯಿತು! ಕುದಿ ನಿಂತ ಮೇಲೆ ಅವಳು ಹತ್ತಿರ ಕೂತು, ಬಟ್ಟೆಯನ್ನು ಗಡಿಗೆಯ ಹೊರಮೈಗೆ ಒತ್ತಿ ಬಿಸಿ ಮಾಡಿ, ಕೂಸಿನ ಪಾದಕ್ಕೆ ಶಾಖ ಕೊಟ್ಟಳು. ಮತ್ತೆ ಒತ್ತಿದಳು, ಮತ್ತೆ ಕೊಟ್ಟಳು. ನೀಲಿ ಇಳಿಯಿತು. ಕೂಸು ಕಿರ್ರೆಂದು ಅತ್ತಿತು.

ಆ ಅಳುವಿಗೆ ಬೆಂಕಿಯಣ್ಣ ಎದ್ದ. ಗಡಿಗೆಯ ತುಂಬ ಬೆಳ್ಳನೆಯ ಹಿಟ್ಟು.

"ಕೊಟ್ಟುಬಿಟ್ಟಿರಾ?" ಎಂದ.

"ಕೊಟ್ಟೆವು. ಮಾತಿಗೆ ತಪ್ಪಿದೆವು" ಎಂದಿತು ಹಳೆಯ ಚಿಪ್ಪು.

ಅವನು ಕೂಸನ್ನು ನೋಡಿದ. ಅಷ್ಟರಲ್ಲೇ ಕೂಸಿಗೆ ಮೊಲೆಯಿಟ್ಟು, ಅದನ್ನು ಅಪ್ಪಿಕೊಂಡೇ ನಿದ್ದೆಹೋಗಿದ್ದ ದೇಮಕ್ಕನನ್ನು ನೋಡಿದ. ಅವನ ಸಿಟ್ಟು ತಣ್ಣಗಾಯಿತು.

"ನನ್ನನ್ನು ಎಬ್ಬಿಸದೆಯೂ ಒಂದು ಕೂಸು ಬೆಚ್ಚಗಾಯಿತೇ?" ಎಂದು ಮೆಲ್ಲಗೆ ಕೇಳಿದ. "ಹಾಗಾದರೆ ಇನ್ನು ಮುಂದೆಯೂ ನನ್ನ ಕಾವಿನಲ್ಲಿ ಒಂದು ಪಾಲನ್ನು ನೀವು ಇಟ್ಟುಕೊಳ್ಳಿ. ನೀರು ಕೊಟ್ಟು ಕೇಳಿದವರಿಗೆ ಕೊಡಿ."

ಹೀಗೆ ಹೇಳಿ, ಅವಳು ಏಳುವವರೆಗೆ ಅವಳ ಪಕ್ಕದಲ್ಲೇ ಸಣ್ಣಗೆ ಉರಿಯುತ್ತಾ ಕೂತ.

ಅದಕ್ಕೇ ಮಗು, ಸುಣ್ಣ ಸುಡುವ ಗೂಡಿನಲ್ಲಿ ಚಿಪ್ಪು ಬೇಯಲು ರಾಶಿರಾಶಿ ಕಟ್ಟಿಗೆ ಬೇಕು. ಬೆಂದು ತಣ್ಣಗಾದ ಆ ಬಿಳಿ ಚಿಪ್ಪಿಗೆ ದೊಡ್ಡವರು ನೀರು ಹೊಯ್ದು ಹಿಂದೆ ಸರಿದರೆ, ಕೆಳಗೆ ಒಂದು ಕಿಡಿಯೂ ಇಲ್ಲದೆ ಅದು ಬುಸುಗುಟ್ಟುತ್ತಾ ಕುದಿಯುತ್ತದೆ.