ಹೂವು ಹೊತ್ತವರು

"ಕೇಳಿರಿ, ಕೇಳಿರಿ. ಕುಮಾರಿ ಕೇತಲದೇವಿಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದನ್ನು ಕೊಡಲಾಗುವುದು, ಕುಮಾರಿಯ ಕೈಯನ್ನಾದರೂ ಸರಿ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಉರುಳುವುದು. ಉತ್ತರ ಸರಿಯಿದ್ದರೆ ಆಡಿದ ಮಾತು ಎಂಥದೇ ಇರಲಿ, ಅಪರಾಧವಲ್ಲ."

ಸಿರಿವಳ್ಳಿಯ ರಾಜ ಬಿಜ್ಜರಸ ಹೀಗೆಂದು ಡಂಗುರ ಹೊಡೆಸಿದ. ತಲೆಯ ಮಾತು ಅವನದು. ಕೊನೆಯ ಮಾತನ್ನು ಹಟ ಹಿಡಿದು ಸೇರಿಸಿದವಳು ಮಗಳು.

ಅವಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಅರಮನೆಯ ಪಂಡಿತ ಬೆಟ್ಟದ ಮಂಜು ತರಿಸಿ, ಅದರಲ್ಲಿ ಮೊಸರನ್ನು ಹೂತು ಗಟ್ಟಿ ಮಾಡಿ, ಹಿಮಮೊಸರು ಎಂದು ಹೆಸರಿಟ್ಟಿದ್ದ. ಬೆಣ್ಣೆ ತೆಗೆದದ್ದು, ಹೊಟ್ಟೆಗೆ ಹಿತ, ಮೈ ಇಳಿಸುತ್ತದೆ ಎಂದು ಹೊತ್ತು ಹೊತ್ತಿಗೆ ಬಟ್ಟಲು ತುಂಬಿ ಕೊಡುತ್ತಿದ್ದ. ರಾಜನಿಗೆ ಅದರ ರುಚಿ ಹತ್ತಿಬಿಟ್ಟಿತ್ತು. ಅವನ ಪಾದ ಊದಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿನ ಹುಣ್ಣು ಮಾಯುತ್ತಲೇ ಇರಲಿಲ್ಲ. ಹೀಗೇ ಆದರೆ ಅಪ್ಪ ಉಳಿಯುವುದಿಲ್ಲ ಎಂದು ಕೇತಲದೇವಿ ಹೇಳಿ ಹೇಳಿ ಸೋತಿದ್ದಳು.

ಅರಸ ಉಣ್ಣುವುದನ್ನು ಹಳಿಯುವುದು ಆ ನಾಡಿನಲ್ಲಿ ಅಪರಾಧ. ಮಗಳು ಹಳಿದರೆ ರಾಜ ನಗುತ್ತಿದ್ದ, ಅವನ ಬಳಿ ಸಾಕ್ಷಿಯಿತ್ತಲ್ಲ. ಪಲ್ಲಕ್ಕಿ ಇಳಿಸುವಾಗ ಹೊತ್ತವರು "ಹೂವು ಹೊತ್ತೆವು, ಬುದ್ಧಿ" ಎನ್ನಬೇಕು. ತಾತಂದಿರ ಕಾಲದಿಂದ ಬಂದ ಪದ್ಧತಿ, ಒಳಗೆ ಆನೆ ಕೂತಿದ್ದರೂ ಅದೇ ಮಾತು. "ಕೇಳಿದೆಯಾ ಮಗಳೇ, ಹೂವಂತೆ" ಎಂದು ರಾಜ ಇನ್ನೊಂದು ಬಟ್ಟಲು ತರಿಸುತ್ತಿದ್ದ. ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು. ಹಳಿದ ಅಪರಾಧ ತಗಲದಂತೆ ಬೇರೆ ಯಾರಾದರೂ ಅಪ್ಪನಿಗೆ ನಿಜ ಹೇಳಲಿ ಎಂದೇ ಅವಳು ಒಗಟು ಹೂಡಿದ್ದಳು.

ಸಭೆಯಲ್ಲಿ ಕೇತಲದೇವಿ ಎದ್ದು ನಿಂತು ಹೇಳಿದಳು: "ಬಡವರ ಮನೆಯಲ್ಲಿ ಬೆರಳಷ್ಟಿದ್ದರೂ ಬೆಳಗಾಗುವಷ್ಟರಲ್ಲಿ ಗಡಿಗೆ ತುಂಬುತ್ತಿದ್ದಳು. ಅರಮನೆಗೆ ಬಂದು ಬಂಗಾರದ ಬಟ್ಟಲು ಏರಿದ ಮೇಲೆ ಕೈಲಾಗದವಳಾದಳು. ಯಾರವಳು? ಕಳ್ಳನನ್ನು ಹೊರಗೆ ಹಾಕಿದೆನೆಂದು ಕಾವಲುಗಾರ ಊರಿಗೆಲ್ಲ ಸಾರಿದ, ಅದೇ ಬಾಗಿಲಲ್ಲಿ ಅವನ ಅಣ್ಣನನ್ನು ಒಳಗೆ ಬಿಟ್ಟುಕೊಂಡ. ಯಾರು ಈ ಅಣ್ಣತಮ್ಮಂದಿರು? ಎಲ್ಲರ ಬಾಯಲ್ಲಿ ದಿನೇ ದಿನೇ ಹಗುರಾಗುವವನು ಒಂದೇ ಕಡೆ ಭಾರವಾಗುತ್ತಾನೆ. ಎಲ್ಲಿ?"

ಪಕ್ಕದ ನಾಡಿನ ರಾಜಕುಮಾರ ಮೊದಲನೆಯದಕ್ಕೆ ಭಾಗ್ಯಲಕ್ಷ್ಮಿ ಎಂದು ಎಡವಿದ. ತರ್ಕಶಾಸ್ತ್ರಿ ಕಾಮ ಕ್ರೋಧಗಳನ್ನು ಅಣ್ಣತಮ್ಮಂದಿರನ್ನಾಗಿ ಮಾಡಿದ. ಸಾಹುಕಾರನ ಮಗ ರಾಜನ ಕಡೆ ಕೈಮುಗಿದು, ಪ್ರಭುಗಳು ಪ್ರಜೆಗಳ ಎದೆಯಲ್ಲಿ ಭಾರವಾಗುತ್ತಾರೆ ಎಂದ. ಒಂದನ್ನೂ ಸರಿಯಾಗಿ ಬಿಡಿಸದ ಮೂವರನ್ನೂ ಸೆರೆಗೆ ಎಳೆದೊಯ್ದರು. ರಾಜನ ಮುಂದಿನ ಹಿಮಮೊಸರಿನ ಬಟ್ಟಲು ಎಲ್ಲರ ಕಣ್ಣೆದುರಿಗೇ ಇತ್ತು, ಒಬ್ಬನೂ ಅದರತ್ತ ನೋಡಲಿಲ್ಲ. ಅಪ್ಪನನ್ನು ಉಳಿಸಲು ಹೋಗಿ ಮೂರು ಮನೆಯ ಮಕ್ಕಳನ್ನು ಕೊಲ್ಲಿಸುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೆಯೇ ರೋಸಿಹೋಯಿತು.

ಆಗ ಬಾಗಿಲ ಬಳಿ ಪಲ್ಲಕ್ಕಿಗೆ ಒರಗಿ ನಿಂತಿದ್ದ ಕೆಂಚ ಮುಂದೆ ಬಂದ. ಪಲ್ಲಕ್ಕಿ ಹೊರುವವನು. ಹಿಂದಿನ ದಿನವಷ್ಟೇ, ಜೊತೆಗೆ ಹೊರುತ್ತಿದ್ದ ಅವನ ಅಣ್ಣನ ಹೆಗಲು ಕಳಚಿತ್ತು.

"ಮೊದಲ್ನೇದು ಮೊಸರು, ತಾಯಿ" ಎಂದ. "ಅಡಿಗೆಮನೇಲಿ ಮಿಕ್ಕಿದ್ದ ಹಿಮಮೊಸರನ್ನ ನಮ್ಮವ್ವ ಹೆಪ್ಪಿಗೆ ಅಂತ ಹಾಲಿಗೆ ಹಾಕಿದ್ಲು. ಹಾಲು ಹಾಲಾಗೇ ಉಳೀತು. ಎರಡನೇದು ಬೆಣ್ಣೆ, ಸಕ್ಕರೆ. ಬೆಣ್ಣೆ ತೆಗೆದವ್ರೆ, ನಿಜ. ಆದ್ರೆ ಮೊಸರಿಗೆ ಇರುವೆ ಮುತ್ತೋದನ್ನ ನಾನು ಅರಮನೇಲೇ ಕಂಡಿದ್ದು."

ರಾಜ ಪಂಡಿತನ ಮುಖ ನೋಡಿದ. ಪಂಡಿತ ತಡವರಿಸುತ್ತ, ಹುಳಿ ಮುರಿಯಲು ಮೊಸರನ್ನು ಸಕ್ಕರೆ ಪಾಕದಲ್ಲಿ ಕುದಿಸುವುದುಂಟು ಎಂದು ಒಪ್ಪಿಕೊಂಡ. ಕುದಿಸಿದ ಮೇಲೆ ಮೊಸರಿನಲ್ಲಿ ಜೀವ ಎಲ್ಲಿಯದು ಎಂದು ಕೇತಲದೇವಿ ಕೇಳಿದಳು.

ಮೂರನೆಯದಕ್ಕೆ ಕೆಂಚ ಜೊತೆಗೆ ಹೊರುವ ತನ್ನವರ ಕಡೆ ತಿರುಗಿದ. ಅವರು ಬೇಡವೆಂದು ತಲೆಯಾಡಿಸಿದರು. ಹೊತ್ತವನು ಭಾರದ ಮಾತೆತ್ತಿದರೆ ಕುಲದಿಂದ ಹೊರಗೆ.

ಕೆಂಚ ಹೆಗಲ ಮೇಲಿನ ವಸ್ತ್ರ ತೆಗೆದ. ತೊಗಲು ಸುಲಿದು ಕೆಂಪಾಗಿತ್ತು.

"ಇಲ್ಲಿ, ಬುದ್ಧಿ."

"ಹೂವು ಅನ್ನುತ್ತಿದ್ದಿರಲ್ಲೋ" ಎಂದ ರಾಜ.

"ಅದು ಹೇಳಲೇಬೇಕಾದ ಮಾತು. ಮುಂಚೆ ನಾಲ್ವರು ಹೊರ್ತಿದ್ವಿ, ಈಗ ಎಂಟು ಜನ. ಆಗ್ಲೂ ಹೂವು ಅಂದ್ವಿ, ಈಗ್ಲೂ ಹೂವು ಅಂತೀವಿ."

ರಾಜ ಆ ಹೆಗಲನ್ನು ನೋಡಿದ. ಆಮೇಲೆ ಬಟ್ಟಲನ್ನು ತಾನೇ ದೂರ ಸರಿಸಿದ. "ಹಬ್ಬಕ್ಕೊಂದು ಬಟ್ಟಲು ತಿನ್ನಿ ಅಪ್ಪಾಜಿ, ಬೇಡ ಅನ್ನಲಾರೆ. ಮದ್ದು ಅಂತ ಮಾತ್ರ ತಿನ್ನಬೇಡಿ" ಎಂದಳು ಮಗಳು. ಅವಳ ಕಣ್ಣು ತುಂಬಿ ಬಂದಿತ್ತು.

ಏನು ಬೇಡುತ್ತೀಯ ಎಂದು ಕೇಳಿದರೆ ಕೆಂಚ ಕುಮಾರಿಯ ಕೈಯನ್ನೂ ಕೇಳಲಿಲ್ಲ, ಸೀಮೆಯನ್ನೂ ಕೇಳಲಿಲ್ಲ. ಸೆರೆಯವರನ್ನು ಬಿಡಬೇಕು, ಅಣ್ಣನ ಹೆಗಲಿಗೆ ಮದ್ದಾಗಬೇಕು, ಇನ್ನು ಮೇಲೆ ಅರಸರು ನಡೆಯಬೇಕು ಎಂದ. ರಾಜ ಮೂರಕ್ಕೂ ತಲೆಯಾಡಿಸಿದ. ನಿಮ್ಮ ಕುಲದವರು ನಿನ್ನನ್ನು ಹೊರಗಿಡಕೂಡದು ಎಂಬುದನ್ನು ತಾನಾಗಿಯೇ ಸೇರಿಸಿ, ಕೆಂಚನಿಗೆ ಒಂದು ತೋಟವನ್ನೂ ಬರೆದುಕೊಟ್ಟ.

ಮರುದಿನ ಬಿಜ್ಜರಸ ಮಗಳ ತೋಳು ಹಿಡಿದು ಕೆರೆಯ ತನಕ ನಡೆದ. ದಾರಿಯುದ್ದಕ್ಕೂ ಗೊಣಗಿದ, ಪಂಡಿತನಿಗೆ ಶಾಪ ಹಾಕಿದ, ಕೂತು ಕೂತು ಎದ್ದ. ಹಿಂದೆ ಬರಿದಾದ ಪಲ್ಲಕ್ಕಿ ಬರುತ್ತಿತ್ತು. ಅರಮನೆಯ ಬಾಗಿಲಿಗೆ ಮರಳಿ ಬಂದಾಗ ಅದನ್ನು ಇಳಿಸಿದ ಹುಡುಗರು ರೂಢಿಯಂತೆ ಹೇಳಿದರು: "ಹೂವು ಹೊತ್ತೆವು, ಬುದ್ಧಿ."

ಆ ಮಾತು ನಿಜವಾದದ್ದು ಅಂದೇ ಮೊದಲು.